ಅಜ್ಜಿಯ ಸತ್ಯವೇದ, ಬಲ್ಮಠದ ಗುಡ್ಡ

ನಿಕೊದೇಮ ರಾತ್ರಿ ಹೊತ್ತು ಬಂದ. ಫರಿಸಾಯರ ಪೈಕಿ ದೊಡ್ಡ ಮನುಷ್ಯ ಅವನು. ಹಗಲಲ್ಲಿ ಬಂದರೆ ನಾಲ್ಕು ಜನರ ಕಣ್ಣಿಗೆ ಬೀಳುತ್ತೇನೆಂದೋ ಏನೋ, ಕತ್ತಲಾದ ಮೇಲೆ ಯೇಸುವನ್ನು ಹುಡುಕಿಕೊಂಡು ಬಂದ. ಈ ಕತೆಯನ್ನು ಸಂಡೇ ಸ್ಕೂಲಿನಲ್ಲಿ ಕೇಳಿದ್ದೆ, ಅಜ್ಜಿಯ ಬಾಯಲ್ಲಿ ಕೇಳಿದ್ದೆ, ಸಭೆಯ ಪ್ರಸಂಗಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೆ. ಹಾಗಾಗಿ ಊರಾಚೆಯ ಒಂದು ಚಿಕ್ಕ ಬೈಬಲ್ ಶಾಲೆ ಸೇರಿದ ವರ್ಷ, ಯೋಹಾನನ ಸುವಾರ್ತೆಯ ಪಾಠ ಮೂರನೆಯ ಅಧ್ಯಾಯಕ್ಕೆ ಬಂದ ದಿನ, ಗೊತ್ತಿದ್ದದ್ದೇ ತಾನೇ ಎಂದು ಬೆಂಚಿಗೆ ಒರಗಿ ಕೂತಿದ್ದೆ.

ಮಾಸ್ಟ್ರು ಹಲಗೆಯ ಮೇಲೆ ಎರಡೇ ಪದ ಬರೆದರು. ‘ನಿನಗೆ’, ‘ನೀವು’. ಏಳನೆಯ ವಚನದಲ್ಲಿ ಇವೆರಡೂ ಒಂದೇ ಉಸಿರಿನಲ್ಲಿ ಬರುತ್ತವೆ, ನೋಡಿ ಎಂದರು. ನೋಡಿದೆವು. ಹೌದು, ಯೇಸು ಹೇಳುವುದು ‘ನಿನಗೆ’, ಆದರೆ ಹೊಸದಾಗಿ ಹುಟ್ಟಬೇಕಾದವರು ‘ನೀವು’. “ಬಂದವನು ಒಬ್ಬನೇ. ಹಾಗಾದರೆ ಈ ‘ನೀವು’ ಯಾರು?” ಎಂದು ಕೇಳಿದರು. ಇಷ್ಟು ವರ್ಷ ಕೇಳಿದ ಕತೆಯಲ್ಲಿ ಆ ಪ್ರಶ್ನೆ ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಹಿಂದಿನ ವಚನಗಳನ್ನು ಓದಿಸಿದರು. ನಿಕೊದೇಮ ಒಬ್ಬನೇ ಬಂದಿದ್ದರೂ ಬಾಯಿ ತೆರೆದಾಗ ‘ನಾವು ಬಲ್ಲೆವು’ ಅನ್ನುತ್ತಾನೆ. ಒಂದು ಇಡೀ ಗುಂಪಿನ ಪರವಾಗಿ, ಒಂದು ಇಡೀ ಅಂತಸ್ತಿನ ಪರವಾಗಿ ಮಾತಾಡುತ್ತಾನೆ. ಯೇಸುವಿನ ಉತ್ತರ ಅವನನ್ನೂ ಮುಟ್ಟುತ್ತದೆ, ಅವನ ಬೆನ್ನ ಹಿಂದೆ ನಿಂತವರನ್ನೂ ಮುಟ್ಟುತ್ತದೆ. ಗ್ರೀಕಿನಲ್ಲಿ ಆ ಎರಡು ಪದಗಳು ‘ಸೋಯಿ’ ಮತ್ತು ‘ಹುಮಾಸ್’. ಈಗಿನ ಇಂಗ್ಲಿಷಿನಲ್ಲಿ ಎರಡೂ ‘ಯೂ’ ಆಗಿ ಕಲೆತುಹೋಗುತ್ತವೆ. ಕನ್ನಡ ಅವನ್ನು ಉಳಿಸಿಕೊಂಡಿದೆ.

ಉಳಿಸಿಕೊಂಡಿದೆ, ನಿಜ. ಆದರೆ ನಮ್ಮ ‘ನೀವು’ ಬಹುವಚನವೂ ಹೌದು, ಮರ್ಯಾದೆಯೂ ಹೌದು. ಅವಸರದಲ್ಲಿ ಓದುವವನು ಅದನ್ನು ಮರ್ಯಾದೆ ಎಂದುಕೊಂಡು ಮುಂದೆ ಹೋಗಬಹುದು, ನಾನು ಹೋದ ಹಾಗೆ. ಅದೇ ವಾರ ಲೂಕನ 22ನೆಯ ಅಧ್ಯಾಯ ತೆಗೆದೆವು. ಅಲ್ಲಿ ಯೇಸು ಪೇತ್ರನ ಜೊತೆ ಮಾತಾಡುತ್ತಾ, ಸೈತಾನನು ‘ನಿಮ್ಮನ್ನು’ ಗೋದಿಯ ಹಾಗೆ ಕೇರಲು ಕೇಳಿಕೊಂಡಿದ್ದಾನೆ, ಆದರೆ ನಾನು ‘ನಿನಗಾಗಿ’ ಬೇಡಿಕೊಂಡಿದ್ದೇನೆ ಎಂಬರ್ಥದಲ್ಲಿ ಹೇಳುತ್ತಾನೆ. ಕೇರುವುದು ಎಲ್ಲರನ್ನೂ, ಬೇಡಿಕೊಂಡಿರುವುದು ಒಬ್ಬನ ಹೆಸರು ಹಿಡಿದು. ಆ ರಾತ್ರಿ ಹಾಸ್ಟೆಲಿನಲ್ಲಿ ನನಗೆ ಬೇಗ ನಿದ್ದೆ ಬರಲಿಲ್ಲ.

ಬೈಬಲ್ ಶಾಲೆ ಅಂದರೆ ಪ್ರಾರ್ಥನೆ, ಹಾಡು, ಬಾಯಿಪಾಠ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಅವೆಲ್ಲ ಇವೆ. ಬೆಳಗಿನ ಗಂಟೆ ಇದೆ, ಚಾಪೆಲ್ ಇದೆ, ಸರದಿಯ ಮೇಲೆ ಅಡುಗೆಮನೆಯ ಕೆಲಸ ಇದೆ. ಆದರೆ ಅಲ್ಲಿ ನಾನು ಕಲಿತದ್ದು ಮುಖ್ಯವಾಗಿ ನಿಧಾನವನ್ನು. ಒಂದು ವಚನದ ಮುಂದೆ ಒಂದು ಗಂಟೆ ಕೂರುವುದು ಹೇಗೆ, ಕನ್ನಡ ಪದದ ಬುಡದಲ್ಲಿ ಯಾವ ಪದ ಇದೆ ಎಂದು ಕೇಳುವುದು ಹೇಗೆ ಎಂಬುದನ್ನು. ನಮ್ಮ ಮನೆಯಲ್ಲಿ ಮಾತು ತುಳು, ಸಭೆಯಲ್ಲಿ ಓದು ಕನ್ನಡ, ಶಾಲೆಯ ಪುಸ್ತಕಗಳು ಬಹಳಷ್ಟು ಇಂಗ್ಲಿಷು. ಅವುಗಳಡಿಯಲ್ಲಿ ಹೊಸ ಒಡಂಬಡಿಕೆಯ ಗ್ರೀಕು, ಹಳೆಯ ಒಡಂಬಡಿಕೆಯ ಹೀಬ್ರೂ. ಬಲದಿಂದ ಎಡಕ್ಕೆ ಓದುವ ಹೀಬ್ರೂ ಅಕ್ಷರಗಳ ಮೇಲೆ ಬೆರಳಿಟ್ಟು ‘ಬರೇಶೀತ್’ ಎಂಬ ಮೊದಲ ಪದವನ್ನು ಕೂಡಿಸಿ ಓದಿದ ದಿನ, ಅಜ್ಜಿ ತನ್ನ ಸತ್ಯವೇದದ ಸಾಲುಗಳ ಮೇಲೆ ಬೆರಳಿಟ್ಟು ಓದುತ್ತಿದ್ದದ್ದು ನೆನಪಾಯಿತು. ನಾಲ್ಕನೆಯ ಇಯತ್ತೆಯವರೆಗೆ ಓದಿದವಳು ಆಕೆ. ನಿಧಾನವಾಗಿ ಓದುವುದನ್ನು ನಾನು ಮೊದಲು ನೋಡಿದ್ದು ಅವಳಲ್ಲಿ.

‘ವಚನ’ ಎಂಬ ಪದದ ಬಗ್ಗೆ ಇಲ್ಲೇ ಒಂದು ಮಾತು. ಬೈಬಲಿನ ಅಧ್ಯಾಯದೊಳಗಿನ ಒಂದೊಂದು ತುಣುಕನ್ನು ನಾವು ವಚನ ಅನ್ನುತ್ತೇವೆ. ಬಸವಣ್ಣನ ನಾಡಿನಲ್ಲಿ ಈ ಪದಕ್ಕೆ ಇರುವ ತೂಕ ದೊಡ್ಡದು. ಆದ್ದರಿಂದ ಕನ್ನಡದ ವಿಶ್ವಾಸಿಗೆ ಪ್ರತಿ ವಚನವೂ ತನ್ನಷ್ಟಕ್ಕೆ ನಿಲ್ಲುವ, ಒಬ್ಬರು ಒಮ್ಮೆ ಆಡಿದ ಪೂರ್ತಿ ನುಡಿಯ ಹಾಗೆ ಕೇಳಿಸುತ್ತದೆ. ಕ್ಯಾಲೆಂಡರಿನಲ್ಲಿ, ಗೋಡೆಯ ಮೇಲೆ, ಮದುವೆಯ ಕಾಗದದಲ್ಲಿ ಒಂಟಿಯಾಗಿ ಕೂರುವುದು ಅದಕ್ಕೇ ಇರಬೇಕು. ಆದರೆ ಬೈಬಲಿನ ಮೂಲ ಬರಹಗಳಲ್ಲಿ ಈ ಅಂಕಿಗಳೇ ಇರಲಿಲ್ಲ. ಈಗಿನ ಅಧ್ಯಾಯಗಳನ್ನು ಮಾಡಿದ್ದು 13ನೆಯ ಶತಮಾನದಲ್ಲಿ ಇಂಗ್ಲೆಂಡಿನ ಸ್ಟೀಫನ್ ಲ್ಯಾಂಗ್‌ಟನ್; ಹೊಸ ಒಡಂಬಡಿಕೆಗೆ ಈಗಿನ ವಚನಗಳ ಅಂಕಿ ಕೊಟ್ಟದ್ದು 1551ರಲ್ಲಿ ರೊಬೇರ್ ಎಸ್ತಿಯೆನ್ ಎಂಬ ಮುದ್ರಕ. ಪೌಲನು ರೋಮಾಪುರದವರಿಗೆ ಬರೆದದ್ದು ಒಂದು ಕಾಗದ. ಕಾಗದವನ್ನು ಓದುವ ಹಾಗೆ ಮೊದಲಿಂದ ಕೊನೆಯವರೆಗೆ ಒಂದೇ ಪಟ್ಟಿನಲ್ಲಿ ಓದಿ ಎಂದು ನಮ್ಮನ್ನು ಕೂರಿಸಿದರು. ಸುಮಾರು ಒಂದೂಕಾಲು ಗಂಟೆ ಹಿಡಿಯಿತು. ಗೋಡೆಯ ಮೇಲಿದ್ದ ಬಿಡಿ ವಚನಗಳು ಆವತ್ತು ತಮ್ಮ ತಮ್ಮ ಮನೆಗೆ ಮರಳಿದವು.

ಕರ್ನಾಟಕದಲ್ಲಿ ಇಂಥ ಓದಿನ ಶಾಲೆಗಳು ಹಲವು ಬಗೆ. ಆರು ತಿಂಗಳ, ಒಂದು ವರ್ಷದ ಸರ್ಟಿಫಿಕೇಟು ಕೊಡುವ ಚಿಕ್ಕ ಶಾಲೆಗಳಿವೆ. ನಾನು ಓದಿದ್ದು ಅಂಥದ್ದರಲ್ಲಿ. ಪಾದ್ರಿಗಳನ್ನು ತಯಾರು ಮಾಡುವ ಕಥೋಲಿಕ ಸೆಮಿನರಿಗಳಿವೆ; ಮಂಗಳೂರಿನ ಜೆಪ್ಪುವಿನಲ್ಲಿರುವ ಸಂತ ಜೋಸೆಫರ ಸೆಮಿನರಿ 1879ರದ್ದು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರದ್ದು. ಪ್ರೊಟೆಸ್ಟೆಂಟರ ದೊಡ್ಡ ಕಾಲೇಜುಗಳಲ್ಲಿ ಹಲವು, ಪದವಿ ಕೊಡುವುದು ಬಂಗಾಳದ ಸೆರಾಂಪುರದ ಹೆಸರಿನಲ್ಲಿ. 1818ರಲ್ಲಿ ಹುಟ್ಟಿದ ಸೆರಾಂಪುರ ಕಾಲೇಜಿಗೆ ಪದವಿ ಕೊಡುವ ಸನ್ನದನ್ನು 1827ರಲ್ಲಿ ಡೆನ್ಮಾರ್ಕಿನ ದೊರೆ ಕೊಟ್ಟಿದ್ದ, ಆಗ ಆ ಊರು ಡೇನರ ಕೈಯಲ್ಲಿದ್ದುದರಿಂದ.

ಆದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಮಂಗಳೂರಿನ ಬಲ್ಮಠದಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೂವರು ಮಿಶನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. 1841ರಲ್ಲಿ ಕಲ್ಲಚ್ಚಿನ ಮುದ್ರಣ ಶುರುವಾಯಿತು. 1843ರಲ್ಲಿ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಎಂದು ಶಾಲೆಯ ಮಕ್ಕಳೂ ಬಲ್ಲರು. 1847ರಲ್ಲಿ ಬಲ್ಮಠದ ಗುಡ್ಡದ ಮೇಲೆ ದೇವಶಾಸ್ತ್ರದ ಸೆಮಿನರಿ. ಇಂದಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಮೂಲ ಅದು.

ಈ ವರ್ಷಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ನನಗೆ ಒಂದು ಸಂಗತಿ ಬಿಡದೆ ಕಾಣುತ್ತದೆ. ಉಪದೇಶಿಗಳನ್ನು ತಯಾರು ಮಾಡಬೇಕೆಂದು ಹೊರಟವರಿಗೆ ಮೊದಲು ಎದುರಾದದ್ದು ಭಾಷೆ. ಮೋಗ್ಲಿಂಗ್ 1848ರಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಓಲೆಯಿಂದ ಎತ್ತಿ ಕಲ್ಲಚ್ಚಿಗೆ ತಂದರು. ಸುವಾರ್ತೆ ಸಾರಲು ಬಂದವರು ಬಸವಪುರಾಣ ಅಚ್ಚು ಹಾಕುವುದೇಕೆ? ಅವರ ಉದ್ದೇಶದಲ್ಲಿ ಮತಪ್ರಚಾರ ಇತ್ತು, ಅದನ್ನು ಅವರು ಮುಚ್ಚಿಡಲಿಲ್ಲ, ನಾನೂ ಮುಚ್ಚಿಡುವುದಿಲ್ಲ. ಆದರೆ ಜನ ಯಾವ ಪದದಲ್ಲಿ ಅಳುತ್ತಾರೆ, ಯಾವ ಪದದಲ್ಲಿ ದೇವರನ್ನು ಕರೆಯುತ್ತಾರೆ ಎಂದು ತಿಳಿಯದೆ ಬೈಬಲನ್ನು ಕನ್ನಡದಲ್ಲಿ ಕಲಿಸಲಾಗದು ಎಂದು ಅವರಿಗೆ ಅರ್ಥವಾಗಿತ್ತು. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ಕೂತು ಮಾಡಿದ ಕನ್ನಡ ಬೈಬಲು ಅವರ ಕೈಯಲ್ಲಿತ್ತು. ಅದನ್ನು ತಿದ್ದುವ ಕೆಲಸಕ್ಕೆ ಮೋಗ್ಲಿಂಗರ ಗೆಳೆಯ ಗಾಟ್‌ಫ್ರೀಡ್ ವೈಗ್ಲೆ ಕೈಹಾಕಿದರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಯೇಸುವಿನ ಜೀವನವನ್ನು ಕನ್ನಡ ಪದ್ಯದಲ್ಲಿ ಕಟ್ಟಿ 1862ರಲ್ಲಿ ‘ಕಥಾಮಾಲೆ’ ಎಂದು ಹೊರತಂದರು. ಆಮೇಲೆ ಹಳಗನ್ನಡದ ಶಬ್ದಮಣಿದರ್ಪಣ, ಛಂದೋಂಬುಧಿಗಳ ಸಂಪಾದನೆ, ಕೊನೆಗೆ 1894ರಲ್ಲಿ ನಾವೆಲ್ಲ ಬಲ್ಲ ಆ ನಿಘಂಟು. ಕಿಟೆಲರ ನಿಘಂಟನ್ನು ಭಾಷಾಶಾಸ್ತ್ರದ ಕಪಾಟಿನಲ್ಲಿ ಇಡುತ್ತೇವೆ, ಸರಿಯೇ. ದೇವಶಾಸ್ತ್ರದ ಕಪಾಟಿನಲ್ಲೂ ಅದಕ್ಕೆ ಜಾಗ ಇದೆ ಎಂದು ನಾನು ನಂಬುತ್ತೇನೆ.

ಮಂಗಳೂರಿನ ಆನಂದರಾವ್ ಕೌಂಡಿನ್ಯರನ್ನು ಬಿಟ್ಟು ಈ ಕತೆ ಹೇಳಲಾಗದು. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಹುಡುಗ. ಊರು ಹೊತ್ತಿ ಉರಿದಷ್ಟು ಕೋಲಾಹಲವಾಯಿತು. ಬಾಸೆಲ್ಲಿಗೆ ಹೋಗಿ ಸೆಮಿನರಿಯಲ್ಲಿ ಓದಿ, 1851ರಲ್ಲಿ ಸಭಾಪಾಲಕನ ದೀಕ್ಷೆ ಪಡೆದು ಮರಳಿದರು. ಮುಂದೆ ಬಲ್ಮಠದಲ್ಲಿ ತಾವೇ ಪಾಠ ಹೇಳಿದರು. ಮನೆಯ ಬಾಗಿಲು ಮುಚ್ಚಿಕೊಂಡ ಊರಿಗೇ ಗುರುವಾಗಿ ಬಂದ ಆ ಮನುಷ್ಯ ಮೊದಲ ದಿನ ತರಗತಿಯಲ್ಲಿ ಏನು ಹೇಳಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

ಪದಗಳ ಆಯ್ಕೆ ಇಂದಿಗೂ ಮುಗಿದಿಲ್ಲ. ಇಸ್ರಾಯೇಲರ ದೇವರ ಹೆಸರು ಹೀಬ್ರೂವಿನಲ್ಲಿ ನಾಲ್ಕು ವ್ಯಂಜನ. ಯೆಹೂದ್ಯರು ಭಕ್ತಿಯಿಂದ ಅದನ್ನು ಉಚ್ಚರಿಸದೆ, ಆ ಜಾಗದಲ್ಲಿ ಒಡೆಯ ಎಂಬರ್ಥದ ‘ಅದೋನಾಯ್’ ಎಂದು ಓದುತ್ತಾರೆ. ಆ ಪದದ ಸ್ವರಗಳು ಈ ವ್ಯಂಜನಗಳಿಗೆ ಕೂಡಿಕೊಂಡು ಹುಟ್ಟಿದ ರೂಪವೇ ‘ಯೆಹೋವ’. ನನ್ನಜ್ಜಿಯ ಸತ್ಯವೇದದಲ್ಲಿ ಇದ್ದದ್ದು ಆ ಹೆಸರು. ಈಚಿನ ಅನುವಾದದಲ್ಲಿ ಅಲ್ಲಿ ‘ಸರ್ವೇಶ್ವರ’ ಬಂದಿದೆ. ಹಳೆಯದರಲ್ಲಿ ಯೇಸು ‘ಹೇಳಿದನು’. ಹೊಸದರಲ್ಲಿ ಯೇಸುಸ್ವಾಮಿ ‘ಹೇಳಿದರು’. ಗ್ರೀಕಿನ ಕ್ರಿಯಾಪದದಲ್ಲಿ ಮರ್ಯಾದೆಯ ಬಹುವಚನ ಇಲ್ಲ, ಆದ್ದರಿಂದ ತೀರ್ಮಾನ ಮಾಡಬೇಕಾದವನು ಕನ್ನಡಿಗನೇ. ‘ಹೇಳಿದನು’ ಎಂದಾಗ ದೇವರ ಮಗ ನಮ್ಮೊಳಗೊಬ್ಬನಾಗುತ್ತಾನೆ, ದಾಸರು ಕೃಷ್ಣನನ್ನು ಕರೆದಷ್ಟು ಹತ್ತಿರ. ‘ಹೇಳಿದರು’ ಎಂದಾಗ ಊರ ಹಿರಿಯರೆದುರು ಎದ್ದು ನಿಂತ ಹಾಗೆ. ನನಗೆ ಹಳೆಯದೇ ಇಷ್ಟ. ಆದರೆ ಸಭೆಯಲ್ಲಿ ಹೊಸಬರೊಬ್ಬರು, ನೀವು ಪೂಜಿಸುವವರನ್ನೇ ಏಕವಚನದಲ್ಲಿ ಓದುತ್ತೀರಲ್ಲ ಎಂದು ನೊಂದು ಕೇಳಿದ್ದನ್ನೂ ನಾನು ಕಂಡಿದ್ದೇನೆ.

ಇನ್ನು ‘ಆತ್ಮ’. ಹೀಬ್ರೂವಿನ ‘ರೂಆಖ್’ಗೆ ಗಾಳಿ, ಉಸಿರು, ಆತ್ಮ ಎಂಬ ಮೂರೂ ಅರ್ಥ, ಗ್ರೀಕಿನ ‘ನ್ಯೂಮ’ಕ್ಕೂ ಹಾಗೆಯೇ. ನಿಕೊದೇಮನಿಗೆ ಯೇಸು ಗಾಳಿಯ ಮಾತು ಹೇಳುವಾಗ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಕನ್ನಡದಲ್ಲಿ ಗಾಳಿ ಒಂದು ಪದ, ಆತ್ಮ ಇನ್ನೊಂದು, ಅದೂ ಉಪನಿಷತ್ತುಗಳನ್ನು ಹಾದು ಬಂದ ಪದ. ಏನೋ ಕಳೆಯುತ್ತದೆ, ಏನೋ ಸೇರುತ್ತದೆ.

ಸಿದ್ಧಾಂತದ ತರಗತಿ ಬೇರೆ ಥರ. ಮೂರು ದಿನ ನೈಸೀಯದ ಮಹಾಸಭೆಯ ಬಗ್ಗೆಯೇ ಪಾಠ. ಮಗನು ತಂದೆಯಿಂದ ಸೃಷ್ಟಿಯಾದವನು, ಅವನು ಇಲ್ಲದ ಕಾಲವಿತ್ತು ಎಂದು ಅಲೆಕ್ಸಾಂಡ್ರಿಯದ ಅರಿಯಸ್ ಕಲಿಸಿದ. 325ರಲ್ಲಿ ಕೂಡಿದ ಬಿಷಪರು ಅದನ್ನು ಅಲ್ಲಗಳೆದು, ಮಗನು ತಂದೆಯೊಡನೆ ‘ಹೊಮೊಊಸಿಯೊಸ್’, ಒಂದೇ ಸತ್ವದವನು ಎಂದರು. ಮುಂದಿನ ದಶಕಗಳಲ್ಲಿ ಕೆಲವರು ನಡುವೆ ಒಂದು ‘ಇ’ ಸೇರಿಸಿ ‘ಹೊಮೊಇಊಸಿಯೊಸ್’, ಸದೃಶ ಸತ್ವದವನು ಅನ್ನೋಣ ಎಂದರು. ಒಂದು ಅಕ್ಷರಕ್ಕಾಗಿ ಇಷ್ಟು ಜಗಳವೇ ಎಂದು ನಾವು ಕೇಳಿದೆವು. ಆ ಕಾಲದ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ರೊಟ್ಟಿಯ ಬೆಲೆ ಕೇಳಿದರೂ ಅಂಗಡಿಯವನು ತಂದೆ ದೊಡ್ಡವನು, ಮಗ ಚಿಕ್ಕವನು ಎಂದು ವಾದಕ್ಕಿಳಿಯುತ್ತಿದ್ದ ಎಂದು ನಿಸ್ಸಾದ ಗ್ರೆಗರಿ ಒಂದು ಪ್ರಸಂಗದಲ್ಲಿ ಗೊಣಗಿದ್ದಾನೆ. ಮಾಸ್ಟ್ರು ನಮ್ಮ ಪ್ರಶ್ನೆಗೆ ಕೊಟ್ಟ ಉತ್ತರ ಚಿಕ್ಕದು. ಶಿಲುಬೆಯ ಮೇಲೆ ನೊಂದವನು ದೇವರೇ ಅಥವಾ ದೇವರು ಕಳಿಸಿದ ಆಳೇ? ಆ ಅಕ್ಷರದ ಮೇಲೆ ನಿಂತಿರುವುದು ಅಷ್ಟು.

451ರ ಕಾಲ್ಸೆದೋನಿನ ಮಹಾಸಭೆಯ ಪಾಠದ ದಿನ ಒಂದು ಪ್ರಶ್ನೆ ಬಂತು, ಅದು ನಮ್ಮ ಕರಾವಳಿಯಲ್ಲಲ್ಲದೆ ಬೇರೆಲ್ಲೂ ಹುಟ್ಟಲಾರದು. ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು ಮಾಸ್ಟ್ರು ವಿವರಿಸುತ್ತಿದ್ದಾಗ ಬಂಟ್ವಾಳದ ಕಡೆಯ ಹುಡುಗಿಯೊಬ್ಬಳು ಎದ್ದು, “ಕೋಲದಲ್ಲಿ ದೈವ ಮೈಮೇಲೆ ಬರುವ ಹಾಗೆಯಾ?” ಎಂದು ಕೇಳಿದಳು. ಯಾರೂ ನಗಲಿಲ್ಲ, ಮನೆಯ ಹಿಂದಿನ ಗದ್ದೆಯಾಚೆ ರಾತ್ರಿಯಿಡೀ ತೆಂಬರೆಯ ಸದ್ದು ಕೇಳಿ ಬೆಳೆದವರೇ ನಾವು ಹಲವರು. ಮಾಸ್ಟ್ರು ಗದರಲೂ ಇಲ್ಲ. ಮೊದಲ ಶತಮಾನಗಳಲ್ಲಿ ಕೆರಿಂಥಸ್ ಎಂಬವನು ಹೆಚ್ಚುಕಡಿಮೆ ಹಾಗೆಯೇ ಕಲಿಸಿದ್ದ, ದೀಕ್ಷಾಸ್ನಾನದಲ್ಲಿ ಕ್ರಿಸ್ತನು ಯೇಸುವಿನ ಮೇಲೆ ಇಳಿದು, ಶಿಲುಬೆಗೆ ಮೊದಲೇ ಬಿಟ್ಟುಹೋದ ಎಂದು, ಅಂದರು. “ದೈವ ಬರುತ್ತದೆ, ನುಡಿ ಕೊಡುತ್ತದೆ, ಹೋಗುತ್ತದೆ. ಅಣಿ ಇಳಿಸಿದವನು ಬೆಳಗ್ಗೆ ತನ್ನ ಬಡತನಕ್ಕೆ ಒಬ್ಬನೇ ಮರಳುತ್ತಾನೆ. ಯೇಸುವಿನ ವಿಷಯದಲ್ಲಿ ಸಭೆ ಹೇಳಿದ್ದು, ಈತ ಬಿಟ್ಟುಹೋಗಲಿಲ್ಲ ಎಂದು. ಹಸಿವೆಯಲ್ಲೂ ಇದ್ದ, ಮೊಳೆ ಹೊಡೆಯುವಾಗಲೂ ಇದ್ದ.” ಗ್ರಂಥಾಲಯದ ದಪ್ಪ ಪುಸ್ತಕಗಳಲ್ಲಿ ಕಾಲ್ಸೆದೋನಿನ ಬಗ್ಗೆ ಆಮೇಲೆ ಎಷ್ಟೋ ಓದಿದೆ. ಅವಳ ಪ್ರಶ್ನೆಯಷ್ಟು ಹತ್ತಿರ ಯಾವುದೂ ನನ್ನನ್ನು ಕರೆದೊಯ್ಯಲಿಲ್ಲ.

ಎಲ್ಲ ಪಾಠಗಳೂ ಹೀಗೆ ಬೆಳಕು ಹಚ್ಚಿ ಮುಗಿಯಲಿಲ್ಲ. ಮಾರ್ಕನ ಸುವಾರ್ತೆಯ ಅತಿ ಹಳೆಯ ಪೂರ್ಣ ಹಸ್ತಪ್ರತಿಗಳು, ನಾಲ್ಕನೆಯ ಶತಮಾನದ ಸಿನಾಯಿ ಪ್ರತಿ ಮತ್ತು ವ್ಯಾಟಿಕನ್ ಪ್ರತಿ, 16ನೆಯ ಅಧ್ಯಾಯದ ಎಂಟನೆಯ ವಚನಕ್ಕೇ ನಿಲ್ಲುತ್ತವೆ. ಬರಿದಾದ ಸಮಾಧಿ ಕಂಡ ಹೆಂಗಸರು ನಡುಗುತ್ತಾ ಓಡುತ್ತಾರೆ, ಹೆದರಿ ಯಾರಿಗೂ ಏನೂ ಹೇಳುವುದಿಲ್ಲ. ಅಲ್ಲಿಗೆ ಮುಗಿಯಿತು. ಮುಂದಿನ ಹನ್ನೆರಡು ವಚನ ಆಮೇಲೆ ಸೇರಿದವು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಇದನ್ನು ಕೇಳಿದ ಸಂಜೆ ನಮ್ಮಲ್ಲಿ ಒಬ್ಬ ಊಟ ಮಾಡಲಿಲ್ಲ. ಇವತ್ತು ಹನ್ನೆರಡು ವಚನ ಹೋದರೆ ನಾಳೆ ಏನು ಉಳಿಯುತ್ತದೆ ಎಂದು ಕೇಳಿದ. ಊರಲ್ಲಿ ಅವನಪ್ಪ ಸಾಲ ಮಾಡಿ ಅವನನ್ನು ಓದಲು ಕಳಿಸಿದ್ದರು, ದೇವರ ವಾಕ್ಯವನ್ನು ಗಟ್ಟಿಯಾಗಿ ಸಾರಲಿ ಎಂದು. ಮಾರನೆಯ ದಿನ ಮೃತ ಸಮುದ್ರದ ಬಳಿ 1947ರಲ್ಲಿ ಸಿಕ್ಕ ಸುರುಳಿಗಳ ವಿಷಯ ಬಂತು. ಅಲ್ಲಿನ ಯೆಶಾಯನ ಸುರುಳಿ, ಆವರೆಗೆ ನಮಗಿದ್ದ ಪೂರ್ಣ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಚಿಕ್ಕಪುಟ್ಟ ವ್ಯತ್ಯಾಸಗಳಿದ್ದರೂ ಗ್ರಂಥ ಅದೇ. ಸಾವಿರ ವರ್ಷ ಕೈಯಿಂದ ಕೈಗೆ ನಕಲು ಮಾಡಿದವರ ನಿಷ್ಠೆಯನ್ನು ನೆನೆದು ಅವನು ಸ್ವಲ್ಪ ಚೇತರಿಸಿಕೊಂಡ. ಪೂರ್ತಿ ಅಲ್ಲ. ಪ್ರಶ್ನೆಯನ್ನು ಮುಚ್ಚಿಡದೆ ವಿದ್ಯಾರ್ಥಿಯ ಮುಂದಿಡುವ ಶಾಲೆಯೇ ಒಳ್ಳೆಯ ಶಾಲೆ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಊಟ ಬಿಟ್ಟವನ ಪಕ್ಕ ಆ ರಾತ್ರಿ ಯಾರಾದರೂ ಕೂತಿರಬೇಕು ಎಂಬುದನ್ನೂ ಅಷ್ಟೇ ಒತ್ತಿ ಹೇಳುತ್ತೇನೆ.

ಸಭೆಯ ಮುಂದೆ ಕಷ್ಟದ ಪ್ರಶ್ನೆ ಇಟ್ಟವರು ನಮ್ಮ ನಾಡಿನಲ್ಲೂ ಇದ್ದರು. ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಬಲ್ಮಠದಲ್ಲಿ ಪಾಠ ಹೇಳಿದವರು, ಅಲ್ಲಿನ ಪ್ರಾಂಶುಪಾಲರಾಗಿದ್ದವರು. ಮುಂದೆ ಜಿನೀವಾದಲ್ಲಿ ಜಾಗತಿಕ ಸಭೆಗಳ ಒಕ್ಕೂಟದಲ್ಲಿ ಅನ್ಯಧರ್ಮೀಯರೊಡನೆ ಸಂವಾದ ನಡೆಸುವ ವಿಭಾಗವನ್ನು 1971ರಿಂದ ಕಟ್ಟಿ ಬೆಳೆಸಿದರು. ನೆರೆಯವನು ತನ್ನ ದೇವರನ್ನು ಹೇಗೆ ಪ್ರೀತಿಸುತ್ತಾನೆಂದು ಕೇಳಿಸಿಕೊಳ್ಳದ ಕ್ರೈಸ್ತ ತನ್ನದನ್ನೂ ಸರಿಯಾಗಿ ಹೇಳಲಾರ ಎಂಬುದು ಅವರ ಬರಹಗಳಿಂದ ನಾನು ಕಲಿತದ್ದು. ಅವರನ್ನು ಒಪ್ಪದವರು ಸಭೆಯೊಳಗೆ ಬಹಳ ಮಂದಿ ಇದ್ದರು, ಇಂದೂ ಇದ್ದಾರೆ. ಇನ್ನೊಂದು ದನಿ ಬೆಂಗಳೂರಿನಲ್ಲಿ 1981ರಲ್ಲಿ ಎದ್ದಿತು. ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ದೇವಶಾಸ್ತ್ರ ಶುರುವಾಯಿತೆಂದು ಹೇಳುತ್ತಾರೆ. ನಿರ್ಮಲ್ ಎತ್ತಿಕೊಂಡದ್ದು ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವನ್ನು: ಬೆಳೆಯ ಮೊದಲ ಫಲ ತಂದವನು ದೇವರ ಮುಂದೆ ನಿಂತು, ನನ್ನ ಮೂಲಪುರುಷ ನೆಲೆಯಿಲ್ಲದೆ ಅಲೆದವನು, ಪರದೇಶದಲ್ಲಿ ಬಿಟ್ಟಿ ದುಡಿದವನು ಎಂದು ಒಪ್ಪಿಕೊಳ್ಳುವ ಭಾಗ. ಅದನ್ನು ತರಗತಿಯಲ್ಲಿ ಓದಿದಾಗ ಬೀದರದ ಗೆಳೆಯ ತಲೆ ಎತ್ತಿ, “ಇದು ನಮ್ ಮುತ್ಯಾನ ಕತಿನೇ ಅದ ರೀ” ಅಂದ. ಅವನ ಮುತ್ಯಾ ಗೌಡರ ಹೊಲದಲ್ಲಿ ಜೀತಕ್ಕಿದ್ದವರು. ಆ ಪಾಠಕ್ಕೆ ಅದಕ್ಕಿಂತ ದೊಡ್ಡ ಟಿಪ್ಪಣಿ ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲ.

ವರ್ಷದ ಕೊನೆಗೆ ಪರೀಕ್ಷೆ. ‘ನೀತಿವಂತನೆಂದು ನಿರ್ಣಯಿಸಲ್ಪಡುವುದು’ ಎಂಬುದರ ಮೇಲೆ ಹತ್ತು ಪುಟ ಬರೆದೆ. ಪೌಲನ ಗ್ರೀಕು ಪದ ನ್ಯಾಯಾಲಯದಿಂದ ಬಂದದ್ದು, ಲೂಥರನ ಜೀವ ಅದರ ಮೇಲೆ ನಿಂತದ್ದು, ಅದೇ ಪದಕ್ಕಾಗಿ ಒಡೆದ ಸಭೆಯ ಎರಡು ಪಾಲಿನವರು, ಕಥೋಲಿಕರು ಮತ್ತು ಲೂಥರನ್ನರು, 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗಿನಲ್ಲಿ ಒಂದೇ ಹೇಳಿಕೆಗೆ ಸಹಿ ಹಾಕಿದ್ದು. ಅಂಕ ಚೆನ್ನಾಗಿ ಬಂತು.

ಪರೀಕ್ಷೆ ಮುಗಿದ ಮೇಲೆ ಆಸ್ಪತ್ರೆ ಭೇಟಿಯ ಕೆಲಸ. ಮಧ್ಯಾಹ್ನ ಎರಡು ಗಂಟೆ ಹೊತ್ತು, ಹೆಂಗಸರ ವಾರ್ಡು. ಕಿಟಕಿ ಪಕ್ಕದ ಮಂಚದ ಮೇಲೆ ನನ್ನಜ್ಜಿಯ ಪ್ರಾಯದ ಹೆಂಗಸೊಬ್ಬರಿದ್ದರು, ಮೂಡುಬಿದಿರೆ ಕಡೆಯವರು. ಕ್ರೈಸ್ತರಲ್ಲ. ಕೈಯಲ್ಲಿ ಪುಸ್ತಕ ಕಂಡು, ಏನು ಓದುವುದು ಮಗಾ, ಒಂದು ಕತೆ ಇದ್ದರೆ ಹೇಳು, ಹೊತ್ತು ಹೋಗುವುದಿಲ್ಲ ಎಂದರು. ಲೂಕನ 18ನೆಯ ಅಧ್ಯಾಯ ತೆಗೆದೆ. ಇಬ್ಬರು ದೇವಾಲಯಕ್ಕೆ ಪ್ರಾರ್ಥನೆಗೆ ಹೋಗುತ್ತಾರೆ. ಒಬ್ಬ ಫರಿಸಾಯ, ತನ್ನ ಒಳ್ಳೆಯತನದ ಪಟ್ಟಿ ಒಪ್ಪಿಸುತ್ತಾನೆ. ಇನ್ನೊಬ್ಬ ಸುಂಕದವನು, ದೂರ ನಿಂತು, ತಲೆ ಎತ್ತಲಾರದೆ, ಎದೆ ಬಡಿದುಕೊಂಡು, ತಾನು ಪಾಪಿ ಎನ್ನುತ್ತಾನೆ.

ಅಲ್ಲಿಗೆ ಬಂದಾಗ ಅವರು ಕೈ ಎತ್ತಿ ನನ್ನನ್ನು ನಿಲ್ಲಿಸಿದರು.

“ಅಯ್ಯೋ ಪಾಪ” ಎಂದರು. “ಪಾಪದವ ಅವ. ಏನು ಕಷ್ಟ ಇತ್ತೋ ಏನೋ.”

ನಮ್ಮ ಕಡೆ ಪಾಪದವನು ಅಂದರೆ ಬಡವ, ಸಾಧು, ಯಾರೂ ಇಲ್ಲದವನು. ಗ್ರೀಕಿನ ‘ಹಮಾರ್ತಿಯ’ ಎಂಬ ಪದಕ್ಕೆ ಗುರಿ ತಪ್ಪುವುದು ಎಂಬ ಅರ್ಥ ಇತ್ತೆಂದು ನಾನು ಬರೆದು ಅಂಕ ಪಡೆದಿದ್ದೆ. ಆ ಪದದ ಜಾಗದಲ್ಲಿ ಕನ್ನಡ ಇಟ್ಟುಕೊಂಡ ಪದವನ್ನು ನಮ್ಮ ಜನ ದಿನಕ್ಕೆ ಹತ್ತು ಸಲ ಕನಿಕರಕ್ಕಾಗಿ ಬಾಯಿಬಿಟ್ಟು ಆಡುತ್ತಾರೆಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಪುಸ್ತಕ ಹಿಡಿದುಕೊಂಡು ಸುಮ್ಮನೆ ಕೂತೆ.

ಅವರು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ಆಮೇಲೆ ತಿರುಗಿ, “ಮತ್ತೆ ಅವ ಮನೆಗೆ ಹೋಗುವಾಗ ಹೇಗೆ ಹೋದ? ಅದು ಉಂಟಾ ಅದರಲ್ಲಿ?” ಎಂದು ಕೇಳಿದರು.

“ಉಂಟು” ಎಂದೆ. ಹದಿನಾಲ್ಕನೆಯ ವಚನ ಓದಿದೆ.